ತೆರಿಗೆ ಹಳ್ಳಿಗೆ, ಅಕ್ಕಿ ಮೂಟೆ ಮನೆಗೆ: ಜಪಾನಿನ ‘ಫುರುಸಾತೊ ನೋಝೆಯಿ’

ನಮ್ಮಲ್ಲಿ ಹಲವರು ಹಳ್ಳಿಯಿಂದಲೋ ಸಣ್ಣ ಪಟ್ಟಣದಿಂದಲೋ ಬಂದವರು. ಅಂಗನವಾಡಿಯಿಂದ ಪಿಯುಸಿವರೆಗೆ ನಮ್ಮನ್ನು ಬೆಳೆಸಿದ್ದು ಆ ಊರು. ಪ್ಲೇಸ್‌ಮೆಂಟ್ ಆಗಿ ಸಂಬಳ ಶುರುವಾದ ಮೇಲೆ ನಾವು ದುಡಿಯೋದು, ಖರ್ಚು ಮಾಡೋದು ಎಲ್ಲ ಬೆಂಗಳೂರಲ್ಲಿ. ಹಾಗಾದ್ರೆ ಊರಿಗೆ ಸಿಕ್ಕಿದ್ದೇನು?

ಇಂಥದ್ದೇ ಪ್ರಶ್ನೆಯನ್ನು ಜಪಾನಿನ ಫುಕುಯಿ ಪ್ರಾಂತ್ಯದ ಗವರ್ನರ್ ಆಗಿದ್ದ ಇಸ್ಸೆಯಿ ನಿಶಿಕಾವಾ 2006ರಲ್ಲಿ ಎತ್ತಿದರು. ಮಕ್ಕಳನ್ನು ಓದಿಸುವ ಖರ್ಚು ಹಳ್ಳಿಯದು, ಅವರು ದುಡಿದು ಕಟ್ಟುವ ತೆರಿಗೆ ಟೋಕಿಯೋದ್ದು ಅನ್ನೋದು ಅವರ ತಕರಾರು. ಮರುವರ್ಷ ಸಚಿವರಾಗಿದ್ದ, ಮುಂದೆ ಪ್ರಧಾನಿಯೂ ಆದ ಯೊಶಿಹಿದೆ ಸುಗಾ ಇದನ್ನು ಕೈಗೆತ್ತಿಕೊಂಡರು. 2008ರಲ್ಲಿ ಯೋಜನೆ ಜಾರಿಗೆ ಬಂತು. ‘ಫುರುಸಾತೊ’ ಅಂದ್ರೆ ಹುಟ್ಟೂರು, ‘ನೋಝೆಯಿ’ ಅಂದ್ರೆ ತೆರಿಗೆ ಕಟ್ಟುವುದು.

ಹೆಸರಲ್ಲಿ ತೆರಿಗೆ ಇದ್ದರೂ ಇದು ನಿಜದಲ್ಲಿ ದೇಣಿಗೆ. ಹುಟ್ಟಿದ ಊರಿಗೇ ಕೊಡಬೇಕು ಅಂತಲೂ ಇಲ್ಲ, ಯೋಜನೆಯಲ್ಲಿರುವ ಯಾವ ಊರಾದರೂ ಸರಿ. ಕೊಟ್ಟ ಹಣದಲ್ಲಿ 2,000 ಯೆನ್ ಮಾತ್ರ ನಮ್ಮ ಕೈಯಿಂದ. ಉಳಿದದ್ದು ಆದಾಯ ತೆರಿಗೆಯಲ್ಲೂ, ನಾವು ವಾಸಿಸುವ ಊರಿಗೆ ಕಟ್ಟುವ ‘ನಿವಾಸಿ ತೆರಿಗೆ’ಯಲ್ಲೂ ಕಡಿತವಾಗುತ್ತೆ. ಇದಕ್ಕೆ ಆದಾಯಕ್ಕೆ ತಕ್ಕಂತೆ ಒಂದು ಮಿತಿ ಇದೆ. ಊರಿನವರು ಧನ್ಯವಾದ ಅಂತ ತಮ್ಮಲ್ಲಿ ಬೆಳೆದದ್ದನ್ನು ಕಳಿಸ್ತಾರೆ: ಅಕ್ಕಿ, ಹಣ್ಣು, ಮಾಂಸ, ಏಡಿ.

ಒಂದು ಲೆಕ್ಕ ಹಾಕೋಣ. ವರ್ಷಕ್ಕೆ 50 ಲಕ್ಷ ಯೆನ್ ಸಂಬಳದ ಒಂಟಿ ನೌಕರನಿಗೆ ಮಿತಿ ಸುಮಾರು 60,000 ಯೆನ್. ಆತ 50,000 ಕೊಟ್ಟ ಅಂತಿಟ್ಟುಕೊಳ್ಳಿ. 48,000 ತೆರಿಗೆಯಲ್ಲಿ ವಾಪಸ್. ಉಡುಗೊರೆಯ ಬೆಲೆ ದೇಣಿಗೆಯ ಶೇ. 30 ದಾಟುವಂತಿಲ್ಲ, ಅಂದರೆ 15,000. ಉಡುಗೊರೆ, ಸಾಗಣೆ, ವೆಬ್‌ಸೈಟ್ ಕಮಿಷನ್ ಎಲ್ಲ ಸೇರಿ ಶೇ. 50 ಮೀರುವಂತಿಲ್ಲ. ಹಾಗಾಗಿ ಊರಿನ ಕೈಯಲ್ಲಿ ಕನಿಷ್ಠ 25,000 ಉಳಿಯುತ್ತೆ. 2,000 ಕೊಟ್ಟವನಿಗೆ 15,000ದ ಸಾಮಾನು!

ಆದ್ರೆ ಎನರ್ಜಿ ಬ್ಯಾಲೆನ್ಸ್ ಬರೆದು ಅಭ್ಯಾಸ ಇರೋ ನಾವು ಇನ್ನೊಂದು ಬದಿಯನ್ನೂ ನೋಡಬೇಕು. ಖಜಾನೆಯಿಂದ 48,000 ಹೋಯ್ತು, ಊರಿನ ಶಾಲೆ, ರಸ್ತೆ, ಆಸ್ಪತ್ರೆಗೆ ಅಂತ ಉಳಿದದ್ದು 25,000. ಉಡುಗೊರೆ ಕೊಂಡ ದುಡ್ಡು ಅಲ್ಲಿನ ರೈತ, ಮೀನುಗಾರರ ಕೈಸೇರುತ್ತೆ ನಿಜ. ಆದರೂ ಒಂದು ಪಾಲು ಕೊರಿಯರ್, ಕಮಿಷನ್‌ನಲ್ಲಿ ಸೋರಿಹೋಗುತ್ತೆ. ಸಂಬಳ ಹೆಚ್ಚಿದ್ದಷ್ಟೂ ಮಿತಿ ಹೆಚ್ಚು, ಹಾಗಾಗಿ ಶ್ರೀಮಂತರಿಗೇ ದೊಡ್ಡ ಬುಟ್ಟಿ.

ಮೊದಲ ವರ್ಷ ಬಂದದ್ದು ಸುಮಾರು 81 ಕೋಟಿಯ ಹತ್ತು ಪಟ್ಟು, ಅಂದರೆ 814 ಕೋಟಿ ಯೆನ್. 2024ರ ಹಣಕಾಸು ವರ್ಷದಲ್ಲಿ ಅದು 1.27 ಲಕ್ಷ ಕೋಟಿ. ಗೋಮಾಂಸ ಮತ್ತು ಶೋಚು ಮದ್ಯಕ್ಕೆ ಹೆಸರಾದ ಮಿಯಾಕೊನೊಜೊ ನಗರ 2023ರಲ್ಲಿ 1,900 ಕೋಟಿ ಯೆನ್‌ಗೂ ಹೆಚ್ಚು ಗಳಿಸಿ ಮೊದಲ ಸ್ಥಾನದಲ್ಲಿತ್ತು. ಹೊಕ್ಕೈದೊದ ಕಮಿಶಿಹೊರೊ ಸುಮಾರು 5,000 ಜನರ ಊರು. ದೇಣಿಗೆ ಹಣದಿಂದ ಅಲ್ಲಿ ಶಿಶುಪಾಲನಾ ಕೇಂದ್ರವನ್ನು ಉಚಿತ ಮಾಡಿದರು. ಅತ್ತ ಟೋಕಿಯೋದ ಸೆತಗಾಯಾ ವಾರ್ಡಿಗೆ 2024ರ ಹಣಕಾಸು ವರ್ಷದಲ್ಲಿ ಸುಮಾರು 1,100 ಕೋಟಿ ಯೆನ್ ಖೋತಾ ಆಯ್ತು. ಬಹುಪಾಲು ನಗರಗಳಿಗೆ ನಷ್ಟದ ಶೇ. 75ರಷ್ಟನ್ನು ಕೇಂದ್ರ ಸರ್ಕಾರ ತುಂಬಿಕೊಡುತ್ತೆ. ಟೋಕಿಯೋ ವಾರ್ಡುಗಳಿಗೆ ಅದೂ ಇಲ್ಲ.

ಪೈಪೋಟಿ ಅತಿರೇಕಕ್ಕೂ ಹೋಯ್ತು. ಒಸಾಕಾ ಪ್ರಾಂತ್ಯದ ಇಝುಮಿಸಾನೊ ನಗರ ಅಮೆಜಾನ್ ಗಿಫ್ಟ್ ಕಾರ್ಡ್ ಹಂಚಿ 2018ರಲ್ಲಿ 4,970 ಕೋಟಿ ಯೆನ್ ಬಾಚಿತು. 2019ರ ಜೂನ್‌ನಿಂದ ಶೇ. 30ರ ಮಿತಿ, ಸ್ಥಳೀಯ ವಸ್ತುವೇ ಆಗಬೇಕೆಂಬ ನಿಯಮ ಕಾನೂನಾದವು. ಇಝುಮಿಸಾನೊವನ್ನು ಯೋಜನೆಯಿಂದಲೇ ಹೊರಗಿಟ್ಟರು. ಅದು ಕೋರ್ಟಿಗೆ ಹೋಗಿ 2020ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು. ಹಳೆಯ ನಡವಳಿಕೆಗೆ ಹೊಸ ಕಾನೂನಿನಡಿ ಶಿಕ್ಷೆ ಸಲ್ಲದು ಅನ್ನೋದು ವಾದದ ತಿರುಳು.

ಉಡುಗೊರೆ ಬೇಡ ಅನ್ನುವವರೂ ಇದ್ದಾರೆ. 2024ರ ಜನವರಿ 1ರ ನೊತೊ ಭೂಕಂಪದ ನಂತರ ಎಷ್ಟೋ ಜನ ಏನೂ ಪಡೆಯದೆ ದೇಣಿಗೆ ಕೊಟ್ಟರು. ಪೀಡಿತ ಊರುಗಳ ಕಚೇರಿ ಕೆಲಸವನ್ನು ಬೇರೆ ಊರಿನವರು ಮಾಡಿಕೊಟ್ಟರು.

ಜಪಾನಿಗೆ ಕೆಲಸಕ್ಕೆ ಹೋಗುವ ನಮ್ಮ ಸೀನಿಯರ್‌ಗಳೂ ಇದನ್ನು ಬಳಸಬಹುದು, ಪೌರತ್ವ ಬೇಕಿಲ್ಲ. ಒಂದು ಎಚ್ಚರಿಕೆ: ನಿವಾಸಿ ತೆರಿಗೆ ಬೀಳೋದು ಮರುವರ್ಷ ಜನವರಿ 1ರಂದು ಅಲ್ಲಿ ವಾಸವಿದ್ದವರಿಗೆ. ಡಿಸೆಂಬರ್‌ನಲ್ಲಿ ದೇಶ ಬಿಟ್ಟರೆ ಆ ಕಡಿತ ಸಿಗೋದಿಲ್ಲ.

ಇದನ್ನು ಇಲ್ಲಿಗೂ ತರಬಹುದಾ? ನೇರವಾಗಿ ಕಷ್ಟ. ಜಪಾನಿನಲ್ಲಿ ಆದಾಯದ ಮೇಲೆ ಸ್ಥಳೀಯ ತೆರಿಗೆಯೇ ಇದೆ, ಸುಮಾರು ಶೇ. 10. ಅದನ್ನೇ ಅವರು ಒಂದೂರಿಂದ ಇನ್ನೊಂದೂರಿಗೆ ತಿರುಗಿಸೋದು. ನಮ್ಮಲ್ಲಿ ಆದಾಯ ತೆರಿಗೆ ವಸೂಲಿ ಮಾಡೋದು ಕೇಂದ್ರ. ಗ್ರಾಮ ಪಂಚಾಯಿತಿಗೆ ಸ್ವಂತದ್ದು ಅಂತ ಮುಖ್ಯವಾಗಿ ಇರೋದು ಮನೆ ಕಂದಾಯ. ಆದರೆ ನಿಶಿಕಾವಾ ಕೇಳಿದ ಪ್ರಶ್ನೆ ಇಲ್ಲಿಗೂ ಸಲ್ಲುತ್ತೆ. ಮೊದಲ ಸಂಬಳದ ಸ್ಲಿಪ್‌ನಲ್ಲಿ ತೆರಿಗೆ ಕಾಲಂ ನೋಡುವಾಗ, ಓದಿಸಿದ ಊರಿನ ಪಾಲು ಎಷ್ಟಿರಬೇಕು ಅಂತ ನಾವೂ ಒಮ್ಮೆ ಕೇಳಿಕೊಳ್ಳೋಣ.