ಚಂಡಮಾರುತ: ಹುಟ್ಟುವುದು ಹೇಗೆ, ಪಾರಾಗುವುದು ಹೇಗೆ?



ಕೊಯ್ದ ರಾಗಿ ಹೊಲದಲ್ಲಿ ಒಣಗುತ್ತಿರುವಾಗಲೇ ಎರಡು ಮೂರು ದಿನ ಬಿಡದೆ ಜಡಿಮಳೆ ಹಿಡಿಯುವುದನ್ನು ನೀವು ಕಂಡಿದ್ದೀರಿ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ ಎಂದು ರೇಡಿಯೋದಲ್ಲಿ ಹೇಳುವುದನ್ನೂ ಕೇಳಿದ್ದೀರಿ. ಆ ಕುಸಿತವೇ ಬಲಿತರೆ ಚಂಡಮಾರುತವಾಗುತ್ತದೆ. ಅದು ಲಕ್ಷಗಟ್ಟಲೆ ಜನರನ್ನು ನುಂಗಿದೆ. ಒಂದು ದೇಶದ ಚರಿತ್ರೆಯ ದಾರಿಯನ್ನೂ ತಿರುಗಿಸಿದೆ.

ಹುಟ್ಟುವ ಬಗೆ

ಸಮುದ್ರದ ಮೇಲಿನ ನೀರು ಸುಮಾರು 27 ಡಿಗ್ರಿ ಸೆಂಟಿಗ್ರೇಡಿನಷ್ಟು ಅಥವಾ ಅದಕ್ಕೂ ಹೆಚ್ಚು ಬಿಸಿಯಾಗಿದ್ದರೆ ಹೇರಳವಾಗಿ ಆವಿ ಏಳುತ್ತದೆ. ಆವಿಯು ಮೇಲೇರಿ ತಣಿದು ಮೋಡವಾಗುವಾಗ ಅದರಲ್ಲಿ ಅಡಗಿದ್ದ ಶಾಖ ಹೊರಬೀಳುತ್ತದೆ. ಇದರಿಂದ ಗಾಳಿ ಹಗುರವಾಗಿ ಇನ್ನಷ್ಟು ಮೇಲೇಳುತ್ತದೆ. ಕೆಳಗೆ ಒತ್ತಡ ಕಡಿಮೆಯಾಗಿ ಸುತ್ತಲಿನ ಗಾಳಿ ಅಲ್ಲಿಗೆ ನುಗ್ಗುತ್ತದೆ. ಭೂಮಿ ತಿರುಗುತ್ತಿರುವುದರಿಂದ ಆ ಗಾಳಿ ನೇರವಾಗಿ ಬಾರದೆ ಸುಳಿಯಾಗಿ ಸುತ್ತುತ್ತದೆ. ಒಲೆಗೆ ಸೌದೆ ಹೇಗೋ ಚಂಡಮಾರುತಕ್ಕೆ ಬಿಸಿಯಾದ ಕಡಲು ಹಾಗೆ. ನೆಲ ಹತ್ತಿದ ಮೇಲೆ ಸೌದೆ ತೀರಿ ಅದರ ಬಲ ಕುಂದುತ್ತದೆ. ಆದರೆ ಮಳೆ ಒಳನಾಡಿನವರೆಗೂ ಬರುತ್ತದೆ.

ಚರಿತ್ರೆ ತಿರುಗಿದ ರಾತ್ರಿ

ತೀರದಲ್ಲಿ ಗಾಳಿಗಿಂತ ನೀರೇ ಹೆಚ್ಚು ಜನರನ್ನು ಕೊಲ್ಲುತ್ತದೆ. ಗಾಳಿಯು ಕಡಲನ್ನೇ ದಡದ ಮೇಲೆ ತಳ್ಳುತ್ತದೆ. ಬಂಗಾಳ ಕೊಲ್ಲಿಯ ಉತ್ತರದ ತುದಿ ಕಿರಿದು, ಆಳವೂ ಕಡಿಮೆ. ಹಾಗಾಗಿ ಅಲ್ಲಿ ನೀರು ಬಹಳ ಎತ್ತರಕ್ಕೆ ಏರುತ್ತದೆ. 1970ರ ನವೆಂಬರ್ 12ರ ರಾತ್ರಿ ಅಂದಿನ ಪೂರ್ವ ಪಾಕಿಸ್ತಾನದ ದ್ವೀಪಗಳ ಮೇಲೆ ಹೀಗೆ ನೀರು ನುಗ್ಗಿತು. 3ರಿಂದ 5 ಲಕ್ಷ ಜನ ಸತ್ತರೆಂದು ಅಂದಾಜು. ಬಿರುಗಾಳಿ ಬರುವುದು ಹವಾಮಾನ ಇಲಾಖೆಗೆ ತಿಳಿದಿತ್ತು. ಹಳ್ಳಿಯವರಿಗೆ ಅದರ ತೀವ್ರತೆ ತಿಳಿಯಲಿಲ್ಲ.

ಸರ್ಕಾರದ ನೆರವು ತಡವಾಯಿತು. ಭಾಷೆಯ ವಿಷಯದಲ್ಲಿ, ಅಧಿಕಾರದ ವಿಷಯದಲ್ಲಿ ಮೊದಲೇ ನೊಂದಿದ್ದ ಜನ ಇದರಿಂದ ರೊಚ್ಚಿಗೆದ್ದರು. ಅದರ ಬೆನ್ನಿಗೇ ಬಂದ ಚುನಾವಣೆಯಲ್ಲಿ ಆ ಭಾಗದ 162 ಸ್ಥಾನಗಳಲ್ಲಿ 160ನ್ನು ಅವಾಮಿ ಲೀಗ್ ಗೆದ್ದಿತು. 1971ರಲ್ಲಿ ಯುದ್ಧವಾಗಿ ಬಾಂಗ್ಲಾದೇಶ ಹುಟ್ಟಿತು.

ಮುನ್ಸೂಚನೆಯ ಬೆಲೆ

1999ರ ಅಕ್ಟೋಬರಿನಲ್ಲಿ ಒಡಿಶಾಕ್ಕೆ ಬಡಿದ ಚಂಡಮಾರುತಕ್ಕೆ ಸುಮಾರು 10,000 ಜನ ಬಲಿಯಾದರು. 2013ರ ಅಕ್ಟೋಬರಿನಲ್ಲಿ ಅದೇ ರಾಜ್ಯಕ್ಕೆ ಫೈಲಿನ್ ಎಂಬ ಭಾರಿ ಚಂಡಮಾರುತ ಬಂದಾಗ ಸತ್ತವರು ನೂರಕ್ಕೂ ಕಡಿಮೆ. ಕಾರಣವೇನು? ಮುನ್ಸೂಚನೆ ಹಳ್ಳಿ ಹಳ್ಳಿಗೂ ಮುಟ್ಟಿತು, ಆಸರೆಯ ಕಟ್ಟಡಗಳು ಸಿದ್ಧವಾಗಿದ್ದವು, ಸುಮಾರು 10 ಲಕ್ಷ ಜನರನ್ನು ಮೊದಲೇ ಸಾಗಿಸಲಾಗಿತ್ತು.

ಚಂಡಮಾರುತವನ್ನು ತಡೆಯಲು ಯಾರಿಂದಲೂ ಆಗದು. ಮುನ್ಸೂಚನೆಯನ್ನು ಕೇಳಿ ನಡೆಯುವುದು ನಮ್ಮ ಕೈಯಲ್ಲಿದೆ. ವಾಯುಭಾರ ಕುಸಿದ ಸುದ್ದಿ ಬಂದರೆ ಕೊಯ್ಲನ್ನು ಮುಂದೂಡಿರಿ. ಒಣಗಿದ ತೆನೆಯನ್ನು ಮಳೆಗೆ ಮುನ್ನವೇ ಮೆದೆ ಒಟ್ಟಿ ಮುಚ್ಚಿರಿ. ಹೊಲದಲ್ಲಿ ನಿಲ್ಲುವ ನೀರಿಗೆ ಕಾಲುವೆ ತೆಗೆಯಿರಿ. ಕೇಳಿದ ಸುದ್ದಿಯನ್ನು ನೆರೆಯವರಿಗೂ ತಿಳಿಸಿರಿ.