ರಜೆಯಲ್ಲಿ ಮಕ್ಕಳ ಜೊತೆ ಆಲೂಗಡ್ಡೆ ಸಂಡಿಗೆ

ಏಪ್ರಿಲ್ ರಜೆ ಬಂತೆಂದರೆ ಮಕ್ಕಳು ಚಿಪ್ಸ್ ಪ್ಯಾಕೆಟ್ಟಿಗೆ ದುಡ್ಡು ಕೇಳುತ್ತಾರೆ. ಆಲೂಗಡ್ಡೆಗೆ ಹೆಸರಾದ ಹಾಸನ ಸೀಮೆಯವರು ನಾವು. ಮೊಸಳೆಯ ಮನೆಮನೆಯಲ್ಲೂ ಸಂಡಿಗೆ ಇಡಬಹುದು. ಬಿಸಿಲಂತೂ ಪುಕ್ಕಟೆ!

ಗಡ್ಡೆ ಆರಿಸುವ ಕೆಲಸ ಮಕ್ಕಳಿಗೇ ಕೊಡಿ. ಬೆಳಕಿಗೆ ಬಿದ್ದು ಹಸಿರಾದದ್ದು, ಮೊಳಕೆ ಬಂದದ್ದು ಬೇಡವೇ ಬೇಡ. ಅದರಲ್ಲಿ ಸೊಲನಿನ್ ಎಂಬ ವಿಷ ಹೆಚ್ಚಿರುತ್ತೆ; ಬೇಯಿಸಿದರೂ ಹೋಗೋಲ್ಲ, ವಾಂತಿ, ಹೊಟ್ಟೆನೋವು ತರುತ್ತೆ. ದುಡ್ಡು ಕೊಟ್ಟು ತಂದದ್ದು, ಎಸೆಯೋದು ಹೇಗೆ ಅನ್ನಬೇಡಿ. ದನಕ್ಕೂ ಹಾಕಬೇಡಿ. ಗಡ್ಡೆಯನ್ನು ಕತ್ತಲಲ್ಲಿ, ಗಾಳಿಯಾಡುವ ಕಡೆ ಇಟ್ಟರೆ ಹಸಿರಾಗೋದು ಕಡಿಮೆ.

ಒಂದು ಕೆಜಿ ಗಡ್ಡೆ ಬೇಯಿಸಿ, ಸಿಪ್ಪೆ ಸುಲಿದು, ಗಂಟಿಲ್ಲದಂತೆ ಹಿಸುಕಿ. ಜೀರಿಗೆ, ಅರೆದ ಹಸಿಮೆಣಸಿನಕಾಯಿ, ಉಪ್ಪು ಕಲೆಸಿ. ಒಣಗಿದ ಮೇಲೆ ಉಪ್ಪು ಜಾಸ್ತಿ ಅನ್ನಿಸುತ್ತೆ, ಸ್ವಲ್ಪ ಕಡಿಮೆಯೇ ಹಾಕಿ. ಚಕ್ಕುಲಿ ಒರಳಲ್ಲಿ ಶುಭ್ರ ಬಟ್ಟೆ ಮೇಲೆ ಒತ್ತಿ, ಮುರಿದರೆ ಟಕ್ಕೆನ್ನುವ ತನಕ 2-3 ದಿನ ಒಣಗಿಸಿ. ಹಸಿ ಉಳಿದರೆ ಡಬ್ಬದಲ್ಲಿ ಬೂಷ್ಟು ಹಿಡಿಯುತ್ತೆ.

ಕಾಗೆ ಕಾಯಲು ಕೂತ ಮಕ್ಕಳಿಗೆ ತೆಂಗಿನ ಗರಿ ಕೊಡಿ. ಎರಡು ತುಂಡು ಮಡಚಿ, ಒಂದರೊಳಗೊಂದು ಅಡ್ಡ ತೂರಿಸಿ, ನಡುವೆ ಕಡ್ಡಿ ಚುಚ್ಚಿದರೆ ಗಿರಿಗಿಟ್ಲೆ. ಮಡಿಸೋದು ಹೇಗೆಂದು ಅಜ್ಜಿಯನ್ನೇ ಕೇಳಲಿ. ಕರಿಯೋ ಕೆಲಸ ಮಾತ್ರ ನಿಮ್ಮದೇ. ಬಿಸಿ ಎಣ್ಣೆ ಹತ್ತಿರ ಮಕ್ಕಳು ಬೇಡ.