ಸಹಿ ಹಾಕೋ ಮೊದಲು
ಸೈಕ್ಲಿಂಗ್‌ಗೆ ಹೆಸರಾದ ಜಿಲ್ಲೆ ನಮ್ಮ ವಿಜಯಪುರ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹಳ್ಳಿ ಮಕ್ಕಳಿಗೂ ಕ್ರೀಡಾ ವಸತಿನಿಲಯದ ಕನಸು. ಮಗಳು ಆಯ್ಕೆಯಾದ ಖುಷಿಯಲ್ಲಿ ನಾನು ಓದದೇ ಸಹಿ ಹಾಕಲು ಹೊರಟಿದ್ದೆ. ಅವಳೇ ತಡೆದಳು: "ಅಪ್ಪಾ, ಬಿದ್ದು ಕಾಲು ಮುರಿದ್ರ ಮನೀಗೆ ಕಳಸ್ತಾರೇನು? ಮೊದ್ಲ ಅದನ್ನ ಕೇಳು."

ಅಮೆರಿಕದಲ್ಲಿ 1964ರಿಂದ ಆಟಗಾರರು 'ಇದೇ ಕಾಲೇಜಿಗೆ ಬರುತ್ತೇನೆ' ಎಂಬ ಪತ್ರಕ್ಕೆ ಸಹಿ ಮಾಡುತ್ತಿದ್ದರು. 2024ರ ಅಕ್ಟೋಬರ್‌ನಲ್ಲಿ ಅದನ್ನು ಕೈಬಿಟ್ಟರು. ಈಗ ಕಾಲೇಜು ಏನು ಕೊಡುತ್ತದೆ ಎಂದು ಬರೆದ ವಿದ್ಯಾರ್ಥಿವೇತನದ ಒಪ್ಪಂದವೇ ಮುಖ್ಯ. ಅಂದರೆ, ಮಕ್ಕಳು ಕೊಡುವ ಮಾತಿನಷ್ಟೇ ಅವರಿಗೆ ಸಿಗುವ ಮಾತಿಗೂ ಬೆಲೆ.

ಗಾಯವಾದರೆ ಚಿಕಿತ್ಸೆ ಯಾರದು? ನಡುವೆ ಬಿಟ್ಟರೆ ದುಡ್ಡು ಕಟ್ಟಬೇಕೆ? ಓದಿನ ಹೊಣೆ ಯಾರದು? ಮೂರನ್ನೂ ಕೇಳಿ, ಒಂದು ಝೆರಾಕ್ಸ್ ಇಟ್ಟುಕೊಂಡೇ ಸಹಿ ಹಾಕಿದೆ. ನೀವೂ ಕೇಳ್ರಿ, ಕೇಳಿದರೆ ಸೀಟು ಹೋಗೂದಿಲ್ಲ.